ಹಳೆ ಹಾಯಿದೋಣಿ, ಸಣ್ಣ ಬಜೆಟ್: ನಾನು ಎಲ್ಲಿಂದ ಶುರು ಮಾಡಿದೆ

ಹಳೆ ಹಾಯಿದೋಣಿ ಕೊಂಡವರು ಸಾಮಾನ್ಯವಾಗಿ ಮೊದಲು ದುಡ್ಡು ಹಾಕುವುದು ಕುಶನ್ನಿಗೆ, ಆಮೇಲೆ ಬಣ್ಣಕ್ಕೆ. ನಾನು ಉಲ್ಟಾ ಹೋದೆ. ನೀರು ಒಳಗೆ ಬರುವ ಜಾಗಗಳು ಮೊದಲು, ಮಾಸ್ಟ್ (ಹಾಯಿ ಕಟ್ಟುವ ಕಂಬ) ಹಿಡಿದು ನಿಲ್ಲಿಸುವ ತಂತಿಗಳು ಆಮೇಲೆ. ಚಂದ ಕಾಯಬಹುದು.

ನನ್ನದು ಕ್ಯಾಟಲೀನಾ 22. ಇರುವುದು ಡಲ್ಲಾಸ್ ಹತ್ತಿರದ ಲೇಕ್ ರೇ ಹಬ್ಬರ್ಡ್‌ನಲ್ಲಿ. ಫ್ರಾಂಕ್ ಬಟ್ಲರ್ ಕಟ್ಟಿದ ಕ್ಯಾಟಲೀನಾ ಕಂಪನಿ 15,000ಕ್ಕೂ ಹೆಚ್ಚು ದೋಣಿ ಮಾಡಿದ ಮಾದರಿ ಇದು. ಬಜೆಟ್ ಸಣ್ಣದಿದ್ದವರಿಗೆ ಅದೇ ದೊಡ್ಡ ಅನುಕೂಲ. ಬಿಡಿಭಾಗ ಇವತ್ತಿಗೂ ಸಿಗುತ್ತವೆ, ಹೊಸದೂ, ಹಳೆಯದೂ.

ಜಾಸ್ತಿ ಹೊತ್ತು ಹೋದದ್ದು ಡೆಕ್ಕಿಗೆ, ಅಂದರೆ ನಾವು ಓಡಾಡುವ ದೋಣಿಯ ಮೇಲ್ಭಾಗಕ್ಕೆ. ಎರಡು ಫೈಬರ್‌ಗ್ಲಾಸ್ ಪದರ, ನಡುವೆ ಪ್ಲೈವುಡ್. ಹಗ್ಗ ಕಟ್ಟುವ ಕ್ಲೀಟ್, ರೇಲಿಂಗ್ ಎಲ್ಲದರ ಬೋಲ್ಟೂ ಅದರ ಮೂಲಕವೇ ಇಳಿದಿರುತ್ತದೆ. ಸಂದು ಮುಚ್ಚುವ ಸೀಲಂಟ್ ಒಣಗಿ ಬಿರುಕು ಬಿಟ್ಟರೆ ನೀರು ಬೋಲ್ಟ್ ಗುಂಟ ಇಳಿದು ಪ್ಲೈವುಡ್ಡನ್ನು ಕೊಳೆಸುತ್ತದೆ. ಮೇಲಿಂದ ಏನೂ ಕಾಣಿಸುವುದಿಲ್ಲ. ಮಡಕೆ ಕೊಳ್ಳುವಾಗ ಬಡಿದು ನೋಡ್ತೀವಲ್ಲ, ಹಾಗೆ ಸ್ಕ್ರೂಡ್ರೈವರ್ ಹಿಡಿಯಿಂದ ಡೆಕ್ ಪೂರ್ತಿ ಬಡಿದೆ. ಗಟ್ಟಿ ಇದ್ದಲ್ಲಿ ಟಕ್, ಕೊಳೆತಲ್ಲಿ ದಬ್. ದಬ್ ಅಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದೆ.

ಅಲ್ಲಿನ ಫಿಟ್ಟಿಂಗ್ (ಕ್ಲೀಟ್, ರೇಲಿಂಗ್ ಥರದ್ದು) ಕಳಚಿ, ಬೋಲ್ಟಿನ ತೂತು ದೊಡ್ಡದು ಮಾಡಿದೆ. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಒಳಗಿನ ಕೊಳೆತ ಮರ ಕೆರೆದು ತೆಗೆದೆ. ಚೆನ್ನಾಗಿ ಒಣಗಿದ ಮೇಲೆ ಕೆಳಗಿನಿಂದ ಟೇಪ್ ಅಂಟಿಸಿ, ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ (ಹಾರ್ಡ್‌ನರ್ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿದೆ. ಅದು ಗಟ್ಟಿಯಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ತೂತು. ಇನ್ನು ನೀರು ಇಳಿದರೂ ಮರಕ್ಕೆ ತಾಕುವುದಿಲ್ಲ. ಟೆಕ್ಸಸ್ ಬೇಸಿಗೆಯಲ್ಲಿ ಎಪಾಕ್ಸಿ ಬಟ್ಟಲಲ್ಲೇ ಬಿಸಿಯಾಗಿ ಹೊಗೆಯಾಡಿಬಿಡುತ್ತದೆ. ನಿಧಾನದ ಹಾರ್ಡ್‌ನರ್ ತಂದು, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ, ಬೆಳಗಿನ ತಂಪಲ್ಲಿ ಮುಗಿಸಬೇಕು.

ಫಿಟ್ಟಿಂಗ್ ಮತ್ತೆ ಕೂರಿಸಲು ಬ್ಯೂಟೈಲ್ ಟೇಪ್ (ರಬ್ಬರಿನಂಥ ಅಂಟು ಪಟ್ಟಿ) ಸಾಕು. ಅಗ್ಗ, ವರ್ಷಗಟ್ಟಲೆ ಮೆತ್ತಗಿರುತ್ತದೆ, ಬೇಕಾದಾಗ ಬಿಚ್ಚಬಹುದು. ಸಿಲಿಕೋನ್ ಮಾತ್ರ ಬೇಡವೇ ಬೇಡ. ಒಮ್ಮೆ ಹಚ್ಚಿದ ಜಾಗಕ್ಕೆ ಆಮೇಲೆ ಬೇರೇನೂ ಸರಿಯಾಗಿ ಅಂಟುವುದಿಲ್ಲ. ಬಿಗಿಸುವಾಗ ತಿರುಗಬೇಕಾದ್ದು ಒಳಗಿನ ನಟ್, ಮೇಲಿನ ಬೋಲ್ಟ್ ಅಲ್ಲ. ಬೋಲ್ಟ್ ತಿರುಗಿದರೆ ಟೇಪ್ ಕಿತ್ತು ಬರುತ್ತದೆ. ಹಾಗಾಗಿ ಇದು ಇಬ್ಬರ ಕೆಲಸ. ಹೆಂಡತಿ ಮೇಲೆ ಸ್ಕ್ರೂಡ್ರೈವರ್ ಹಿಡಿದು ಆರಾಮಾಗಿ ಕೂತಿದ್ದಳು. ಒಳಗೆ ಕತ್ತು ಸೊಟ್ಟ ಮಾಡಿಕೊಂಡು ಸ್ಪ್ಯಾನರ್ ತಿರುಗಿಸಿದ್ದು ನಾನು.

ಆಮೇಲೆ ಕೀಲ್, ದೋಣಿ ಮಗುಚದಂತೆ ತಡೆಯುವ ಭಾರ. ದೋಣಿಯ ಅಡಿಯಲ್ಲಿ ಒಂದು ಪಿನ್ನಿಗೆ ತೂಗುವ ಸುಮಾರು 250 ಕಿಲೋ ಎರಕದ ಕಬ್ಬಿಣ. ಎತ್ತಿ ಇಳಿಸುವುದು ಒಂದು ಕೇಬಲ್. ಆ ಕೇಬಲ್ ತಳದಿಂದ ಕ್ಯಾಬಿನ್ನಿಗೆ ಬರುವ ಕಡೆ ಸಣ್ಣ ರಬ್ಬರ್ ಹೋಸ್ ಇದೆ. ಅದು ಸೀಳಿದರೆ ಕೆರೆ ನೇರ ಒಳಗೆ ಬರುತ್ತದೆ. ಹೊಸ ಹೋಸ್, ಎರಡು ಸ್ಟೇನ್‌ಲೆಸ್ ಕ್ಲ್ಯಾಂಪ್, ಕೆಲವೇ ಡಾಲರಿನ ಮಾತು. ದೋಣಿ ಕೊಂಡ ದಿನವೇ ಮಾಡಬೇಕಾದ ಕೆಲಸ ಅಂತಿದ್ದರೆ ಇದೇ. ಪಿನ್ ಮತ್ತು ಕೇಬಲ್ ಬದಲಾಯಿಸಲು ದೋಣಿಯನ್ನು ಮೇಲೆತ್ತಬೇಕು. ಅದಕ್ಕೆ ದೋಣಿ ರಿಪೇರಿ ಯಾರ್ಡಿನವರಿಗೆ ದುಡ್ಡು ಕೊಟ್ಟೆ. ಅಷ್ಟು ಕಬ್ಬಿಣದ ಕೆಳಗೆ ಜಾಕ್ ನಂಬಿ ಮಲಗುವ ಧೈರ್ಯ ನನಗಿಲ್ಲ.

ಮಾಸ್ಟಿನ ತಂತಿಗಳನ್ನು ಹತ್ತಿಯಿಂದ ಒರೆಸಿ ನೋಡಿದೆ. ಒಂದು ಎಳೆ ತುಂಡಾಗಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಎರಡು ಕಡೆ ಸಿಕ್ಕಿತು. ಸುಮ್ನೆ ಎರಡನ್ನೇ ಬದಲಿಸದೆ ಪೂರ್ತಿ ಸೆಟ್ ತರಿಸಿದೆ. ಈ ಮಾದರಿಗೆ ಅಳತೆ ಮಾಡಿ ಕತ್ತರಿಸಿದ್ದೇ ಸಿಗುತ್ತದೆ. ದೋಣಿಯ ಹಿಂದೆ ತೂಗುವ ಔಟ್‌ಬೋರ್ಡ್ ಎಂಜಿನ್ನಿಗೆ ಹೊಸ ಇಂಪೆಲ್ಲರ್ (ಎಂಜಿನ್ ತಂಪಿಡಲು ನೀರು ಎಳೆಯುವ ರಬ್ಬರ್ ಚಕ್ರ), ಟ್ರೈಲರ್ ಚಕ್ರಕ್ಕೆ ಹೊಸ ಬೇರಿಂಗ್, ಅಷ್ಟೇ.

ಹಾಯಿ ಸೆಕೆಂಡ್ ಹ್ಯಾಂಡ್. ಇದೇ ದೋಣಿಯಲ್ಲಿ ರೇಸ್ ಆಡುವವರಿಗೆ ಆಕಾರ ಕೆಟ್ಟ ಹಾಯಿ ಬೇಡ, ಮಾರಿಬಿಡುತ್ತಾರೆ. ನಮ್ಮಂಥವರ ಭಾನುವಾರಕ್ಕೆ ಅದು ಧಾರಾಳ. ಕೊಳ್ಳುವ ಮುಂಚೆ ಹೊಲಿಗೆಯನ್ನು ಉಗುರಿಂದ ಕೆರೆದು ನೋಡಿ. ದಾರ ಕಿತ್ತು ಬಂದರೆ ಬಿಸಿಲಿಗೆ ಸತ್ತಿದೆ ಅಂತ ಅರ್ಥ. ಬಟ್ಟೆ ಗಟ್ಟಿ ಇದ್ದರೆ ಯುವಿ ತಡೆಯುವ ಪಾಲಿಯೆಸ್ಟರ್ ದಾರದಲ್ಲಿ ಮತ್ತೆ ಹೊಲಿಯಬಹುದು. ಬಟ್ಟೆಯೇ ಕೈಯಲ್ಲಿ ಹರಿದರೆ ಪುಕ್ಕಟೆ ಕೊಟ್ಟರೂ ಬೇಡ.