ಬೆಂಗಳೂರಿಗೆ ಹೋದರೆ ಯಾವ ಏರಿಯಾದಲ್ಲಿ ಉಳಿಯೋದು?

ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಾಲು ತರಲು ಬೆಂಗಳೂರಿಗೆ ಹೋಗಿಬರೋದು ಮೊದಲಿಂದಲೂ ಇದೆ. ಈಚೆಗೆ ಅಮ್ಮನ ಹಾರ್ಟ್ ಚೆಕಪ್ಪಿಗೂ ಅಲ್ಲಿಗೇ ಹೋಗುತ್ತೇವೆ. ಹಾಗಾಗಿ ನಮ್ಮ ಬೀದಿಯಲ್ಲಿ ಯಾರು ಹೊರಟರೂ, "ಅಣ್ಣಾ, ಎಲ್ಲಿ ಉಳ್ಕೊಂಡ್ರೆ ಚಲೋ?" ಅಂತ ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳೋದು ಒಂದೇ: ಬೆಳಗ್ಗೆ ಎಲ್ಲಿಗೆ, ಎಷ್ಟು ಗಂಟೆಗೆ ಹೋಗಬೇಕು?

ಬಾಡಿಗೆ ಎಷ್ಟು ಅನ್ನೋದು ಆಮೇಲಿನ ಮಾತು. ಬೆಂಗಳೂರಲ್ಲಿ ರಾತ್ರಿ ಇಪ್ಪತ್ತು ನಿಮಿಷದ ದಾರಿ ಬೆಳಗ್ಗೆ ಒಂಬತ್ತಕ್ಕೆ ಒಂದು ಗಂಟೆ ಹಿಡಿಯಬಹುದು. ಅದಕ್ಕೇ ಮ್ಯಾಪಿನಲ್ಲಿ ನಾನು ಕಿಲೋಮೀಟರ್ ನೋಡೋದಿಲ್ಲ. ಹೊರಡುವ ಸಮಯ ಹಾಕುವ ಜಾಗದಲ್ಲಿ ನಮ್ಮ ಕೆಲಸದ ದಿನ, ಗಂಟೆ ಹಾಕಿ ಎಷ್ಟು ನಿಮಿಷ ಅಂತ ನೋಡುತ್ತೇನೆ.

ನಮ್ಮ ಕಡೆಯವರಿಗೆ ಒಂದು ದೊಡ್ಡ ಅನುಕೂಲ ಇದೆ. ನಮ್ಮ ಬಸ್ಸು ಊರೊಳಗೆ ಬರೋದೇ ತುಮಕೂರು ರಸ್ತೆಯಲ್ಲಿ. ಮೆಟ್ರೋದ ಹಸಿರು ಮಾರ್ಗ ಅದೇ ರಸ್ತೆಯ ಮಾದಾವರದಿಂದ ಶುರುವಾಗುತ್ತದೆ. ಹಗಲು ಹೊತ್ತು ಹೋದರೆ ಜಾಲಹಳ್ಳಿ ಕ್ರಾಸಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಮೆಟ್ರೋ ಹತ್ತಿಬಿಡುತ್ತೇನೆ. ಯಶವಂತಪುರ, ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಲಾಲ್‌ಬಾಗ್, ಜಯನಗರ, ಎಲ್ಲಾ ಒಂದೇ ಸಾಲಿನಲ್ಲಿ ಸಿಗುತ್ತವೆ. ನಾನು ರೂಮು ಹುಡುಕೋದು ಈ ಸಾಲಿನಲ್ಲೇ, ಸ್ಟೇಷನ್ನಿಂದ ಹತ್ತು ನಿಮಿಷ ನಡೆಯುವಷ್ಟು ದೂರದೊಳಗೆ.

ಮಾಲು ತರಲು ಒಬ್ಬನೇ ಹೋದರೆ ಮೆಜೆಸ್ಟಿಕ್ ಪಕ್ಕದ ಗಾಂಧಿನಗರ. ರಾತ್ರಿ ಬಸ್ಸು ನಸುಕಿನಲ್ಲೇ ಮೆಜೆಸ್ಟಿಕ್ ಮುಟ್ಟಿಸುತ್ತದೆ. ಅಲ್ಲಿನ ಎಷ್ಟೋ ಲಾಡ್ಜುಗಳಲ್ಲಿ ಇಪ್ಪತ್ನಾಲ್ಕು ಗಂಟೆ ಲೆಕ್ಕ. ಬೆಳಗ್ಗೆ ಐದಕ್ಕೆ ರೂಮು ತಗೊಂಡರೆ ಮರುದಿನ ಐದರವರೆಗೆ ನಮ್ಮದೇ. ಬೇರೆ ಏರಿಯಾದ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರ ಲೆಕ್ಕ ಇರುತ್ತದೆ. ಐದಕ್ಕೆ ಹೋಗಿ ನಿಂತರೆ ಹಿಂದಿನ ದಿನದ ಬಾಡಿಗೆಯನ್ನೂ ಕೇಳಬಹುದು. ಚಿಕ್ಕಪೇಟೆ ಮೆಜೆಸ್ಟಿಕ್‌ನಿಂದ ಒಂದೇ ಸ್ಟೇಷನ್. ಅಲ್ಲಿ ಸೀರೆ ಅಂಗಡಿಗಳ ಬಾಗಿಲು ತೆಗೆಯೋದೇ ತಡವಾಗಿ, ಹಾಗಾಗಿ ಸ್ನಾನ ಮಾಡಿ ಒಂದು ನಿದ್ದೆ ತೆಗೆದು ಹೋದರೂ ನಡೆಯುತ್ತದೆ. ರಸ್ತೆ ಕಡೆಯ ರೂಮು ಮಾತ್ರ ಬೇಡ. ಬಸ್ಸಿನ ಹಾರ್ನು ನಡುರಾತ್ರಿವರೆಗೂ ನಿಲ್ಲೋದಿಲ್ಲ.

ಹೆಂಡತಿ ಮಕ್ಕಳು ಜೊತೆಗಿದ್ದರೆ ಮಲ್ಲೇಶ್ವರಂ. ಬಾಡಿಗೆ ಸ್ವಲ್ಪ ಜಾಸ್ತಿ, ಆದರೂ ನನಗೆ ಅದೇ ಇಷ್ಟ. ಸಂಜೆ ಎಂಟನೇ ಕ್ರಾಸಿನಲ್ಲಿ ಹೂವು, ಬಳೆ, ತರಕಾರಿ ನೋಡುತ್ತಾ ಸುಮ್ನೆ ನಡೆಯಬಹುದು. ಬೆಳಗ್ಗೆ ಬೇಗ ತಿಂಡಿ ಸಿಗುತ್ತದೆ. ರೂಮು ಎಷ್ಟನೇ ಕ್ರಾಸು ಅಂತ ಮೊದಲೇ ಕೇಳಿ. ಮೆಟ್ರೋ ಇರೋದು ಸಂಪಿಗೆ ರಸ್ತೆಯ ಮೆಜೆಸ್ಟಿಕ್ ಕಡೆಯ ತುದಿಯಲ್ಲಿ. ಹದಿನೈದನೇ ಕ್ರಾಸು ಅಂದರೆ ಮಕ್ಕಳನ್ನು ಕಟ್ಟಿಕೊಂಡು ನಡೆಯೋಕೆ ದೂರವಾಗುತ್ತದೆ.

ಆಸ್ಪತ್ರೆ ಅಂದರೆ ಲೆಕ್ಕವೇ ಬೇರೆ. ಆಗ ಮೆಟ್ರೋ ಸಾಲನ್ನೂ ಮರೆತುಬಿಡುತ್ತೇನೆ. ಅಮ್ಮನನ್ನು ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ತಿಲಕನಗರದ ಕಡೆ, ಆಸ್ಪತ್ರೆಗೆ ಆದಷ್ಟು ಹತ್ತಿರ ರೂಮು ಹಿಡಿಯುತ್ತೇನೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಆಮೇಲೆ ತಿಂಡಿ ತಿಂದು ಮತ್ತೆ ಬರಬೇಕು, ರಿಪೋರ್ಟಿಗೆ ಸಂಜೆ ಇನ್ನೊಂದು ಸಲ ಹೋಗಬೇಕು. ನಡುವೆ ಅಮ್ಮ ರೂಮಿಗೆ ಬಂದು ಕಾಲು ಚಾಚಿ ಮಲಗಬೇಕು. ರೂಮು ದೂರ ಇದ್ದರೆ ಅಷ್ಟು ಹೊತ್ತೂ ಆಸ್ಪತ್ರೆಯ ಬೆಂಚಿನ ಮೇಲೇ ಕೂರಬೇಕಾಗುತ್ತದೆ. ಎಪ್ಪತ್ತು ದಾಟಿದ ಜೀವಕ್ಕೆ ಅದು ಆಗದ ಮಾತು. ಹತ್ತಿರ ರೂಮು ಸಿಗದಿದ್ದರೆ ಜಯನಗರ ನೋಡಿ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ ಎರಡನೇ ಸ್ಟೇಷನ್ನೇ ಜಯದೇವ. ನಿಮ್ಹಾನ್ಸ್, ಕಿದ್ವಾಯಿಗೆ ಹೋಗುವವರು ಹೊರಗೆ ಲಾಡ್ಜ್ ಹುಡುಕುವ ಮೊದಲು, ರೋಗಿಯ ಕಡೆಯವರಿಗೆ ಧರ್ಮಶಾಲೆಯಲ್ಲಿ ಜಾಗ ಇದೆಯಾ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ.

ಮಗನಿಗೋ ಮಗಳಿಗೋ ಇಂಟರ್‌ವ್ಯೂ ಇದ್ದರೆ ಕಂಪನಿ ಎಲ್ಲಿದೆ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಗೆ ಜಯನಗರವೇ ಸಾಕು, ಹಳದಿ ಮಾರ್ಗ ಅಲ್ಲಿಗೇ ಹೋಗುತ್ತದೆ. ವೈಟ್‌ಫೀಲ್ಡ್ ಆದರೆ ಹಿಂದಿನ ರಾತ್ರಿಯೇ ಹೂಡಿ, ಕಾಡುಗೋಡಿ ಕಡೆ ಉಳಿಸಿ. ನೇರಳೆ ಮಾರ್ಗ ಇದೆ ನಿಜ, ಆದರೆ ಮೆಜೆಸ್ಟಿಕ್‌ನಿಂದ ಸುಮಾರು ಒಂದು ಗಂಟೆ ನಿಂತುಕೊಂಡು ಹೋದ ಮೇಲೆ ಇಂಟರ್‌ವ್ಯೂಗೆ ಕೂರೋದು ಕಷ್ಟ ಅಲ್ವಾ?

ಏರಿಯಾ ಗೊತ್ತಾದ ಮೇಲೆ ಲಾಡ್ಜಿಗೆ ನಾನೇ ಫೋನ್ ಮಾಡುತ್ತೇನೆ. ಲಿಫ್ಟ್ ಇದೆಯಾ, ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ರೂಮು ಬಿಟ್ಟ ಮೇಲೆ ಬ್ಯಾಗು ಇಟ್ಟುಕೊಳ್ಳುತ್ತೀರಾ ಅಂತ ಕೇಳುತ್ತೇನೆ. ಆನ್‌ಲೈನ್ ಫೋಟೋದಲ್ಲಿ ಲಿಫ್ಟ್ ಕಾಣೋದಿಲ್ಲ. ಮೂರನೇ ಮಹಡಿಯ ಮೆಟ್ಟಿಲನ್ನು ಅಮ್ಮ ಹತ್ತಬೇಕಲ್ಲ.

ವಾಪಸ್ ಬರುವ ರೈಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಧಾರವಾಡದ ವಂದೇ ಭಾರತ್ ಬೆಂಗಳೂರು ಬಿಡೋದು ಬೆಳಗ್ಗೆ ಆರಕ್ಕೂ ಮುಂಚೆ. ಆ ಹೊತ್ತಿಗೆ ಮೆಟ್ರೋ ನಂಬಿಕೊಂಡು ಜಯನಗರದಿಂದ ಹೊರಡೋಕಾಗಲ್ಲ. ಭಾನುವಾರವಂತೂ ಮೆಟ್ರೋ ಶುರುವಾಗೋದೇ ತಡ. ಅಂಥ ರೈಲಿದ್ದರೆ ಹಿಂದಿನ ಸಂಜೆಯೇ ರೂಮು ಖಾಲಿ ಮಾಡಿ, ಕೊನೆಯ ರಾತ್ರಿ ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ಉಳಿಯುತ್ತೇವೆ. ಆ ರೈಲು ಯಶವಂತಪುರದಲ್ಲೂ ನಿಲ್ಲುತ್ತದೆ.