ಟ್ಯೂಬ್‌ಲೈಟ್ ಆರಿಸಿದ ಮೇಲೆ

ನನ್ನ ಮೂರು ವಾರದ ಕೆಲಸವನ್ನು ಹಾಳು ಮಾಡಿದ್ದು ಒಂದು ಟ್ಯೂಬ್‌ಲೈಟ್. ಗಿಡಗಳು ತಮ್ಮ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುವುದನ್ನು ನಾನು ಮೊದಲು ಕಂಡದ್ದೂ ಅದರ ದೆಸೆಯಿಂದಲೇ.

ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ಅದು. ಗಿಡದ ಹೆಸರು ಅರಾಬಿಡಾಪ್ಸಿಸ್. ಸಾಸಿವೆ, ಮೂಲಂಗಿಗಳ ಬಳಗಕ್ಕೆ ಸೇರಿದ ಪುಟ್ಟ ಕಳೆ. ಇರುವುದು ಐದೇ ಜೋಡಿ ವರ್ಣತಂತು, ಬಿತ್ತಿದ ಆರರಿಂದ ಎಂಟು ವಾರದಲ್ಲಿ ಮತ್ತೆ ಬೀಜ. ಅಗಾರ್ ಎಂಬ ಜೆಲ್ಲಿ ತುಂಬಿ ನಿಲ್ಲಿಸಿಟ್ಟ ತಟ್ಟೆಯ ಮೇಲೆ ಮೊಳಕೆ ಬೆಳೆಸಿ, ಐದನೆಯ ದಿನ ಮುಚ್ಚಳ ತೆಗೆದು ಅತಿನೇರಳೆ-ಬಿ ಕಿರಣ ಬೀಳಿಸುತ್ತಿದ್ದೆ. ಮುಚ್ಚಳ ಹಾಗೇ ಇದ್ದರೆ ಪ್ಲಾಸ್ಟಿಕ್ಕೇ ಕಿರಣವನ್ನು ನುಂಗಿಬಿಡುತ್ತದೆ. ಆಮೇಲೆ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಕತ್ತಲ ಪೆಟ್ಟಿಗೆಯಲ್ಲಿಡುವುದು. ಬೇರು ಕೆಳಮುಖವಾಗಿ ಬಾಗುವುದರಿಂದ, ಆ ತಿರುವಿನಿಂದಾಚೆಗಿನದೆಲ್ಲ ಪೆಟ್ಟು ಬಿದ್ದ ಮೇಲೆ ಬೆಳೆದದ್ದು. ಅದನ್ನು ಅಳೆದರಾಯಿತು.

ಅಳೆದರೆ ತಲೆಬುಡ ತಿಳಿಯಲಿಲ್ಲ. ಒಂದೇ ಬೀಜ, ಒಂದೇ ಪ್ರಮಾಣದ ಕಿರಣ. ಕೆಲವು ತಟ್ಟೆಗಳಲ್ಲಿ ಬೇರು ಮೊಂಡಾಗಿ ನಿಂತಿದೆ, ಕೆಲವದರಲ್ಲಿ ಏನೂ ಆಗದಂತೆ ಇಳಿದಿದೆ. ದೀಪ ಹಳೆಯದಾಯಿತೆಂದು ಬದಲಿಸಿದೆ. ಬೀಜವನ್ನೂ ಅನುಮಾನಿಸಿದೆ. ಕೊನೆಗೆ ನಮ್ಮ ಮೇಡಂ ಒಂದು ಮಧ್ಯಾಹ್ನ ಸುಮ್ಮನೆ ಪಕ್ಕದಲ್ಲಿ ನಿಂತು ನೋಡಿದರು. "ಕಿರಣ ಕೊಟ್ಟಾದ ಮೇಲೆ ತಟ್ಟೆಗಳನ್ನು ಎಲ್ಲಿಡುತ್ತೀಯಮ್ಮ?" ಎಂದರು. ಕಿಟಕಿಯ ಪಕ್ಕದ ಮೇಜಿನ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಒಂದೊಂದಕ್ಕೂ ಹೆಸರು ಬರೆದು ಫೋಟೋ ತೆಗೆಯುವ ತನಕ. ಮೊದಲು ಕಿರಣ ಕಂಡ ತಟ್ಟೆಗಳು ಅಲ್ಲಿ ಎರಡು ಗಂಟೆ ಕಾದಿದ್ದವು. ಚೆನ್ನಾಗಿ ಬೆಳೆದಿದ್ದವೂ ಅವೇ.

ಅತಿನೇರಳೆ ಕಿರಣ ಡಿಎನ್‌ಎಯ ಒಂದೇ ಎಳೆಯಲ್ಲಿ ಅಕ್ಕಪಕ್ಕ ಕೂತ ಎರಡು ಅಕ್ಷರಗಳನ್ನು ಅಂಟಿಸಿಬಿಡುತ್ತದೆ. ಗಿಡದಲ್ಲಿರುವ ಫೋಟೋಲೈಯೇಸ್ ಎಂಬ ಕಿಣ್ವ ನೀಲಿ ಬೆಳಕಿನ ಬಲದಿಂದ, ಎಳೆಯನ್ನು ಕತ್ತರಿಸದೆಯೇ, ಆ ಅಂಟನ್ನು ಬಿಡಿಸುತ್ತದೆ. ನಮಗೆ ಈ ಕಿಣ್ವವಿಲ್ಲ. ಕತ್ತಲಲ್ಲಿ ಗಿಡಕ್ಕೆ ಉಳಿಯುವುದು ನಿಧಾನದ ದಾರಿ: ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆ ನೋಡಿಕೊಂಡು ತೇಪೆ ಹಾಕುವುದು. 1949ರಲ್ಲಿ ಅಮೆರಿಕದ ಆಲ್ಬರ್ಟ್ ಕೆಲ್ನರ್ ಅವರಿಗೂ ಇದೇ ಗೋಜಲು ಎದುರಾಗಿತ್ತು. ಅತಿನೇರಳೆ ತಾಗಿದ ಸೂಕ್ಷ್ಮಜೀವಿಗಳು ಒಮ್ಮೆ ಸಾಯುತ್ತಿದ್ದವು, ಒಮ್ಮೆ ಬದುಕುತ್ತಿದ್ದವು. ಅವರು ಮೊದಲು ಸಂಶಯಪಟ್ಟದ್ದು ಉಷ್ಣತೆಯನ್ನು, ಸಿಕ್ಕಿಬಿದ್ದದ್ದು ಬೆಳಕು. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಅಂದಿನಿಂದ ಮಂದ ಹಳದಿ ದೀಪದಲ್ಲೇ ಕೆಲಸ. ಹೆಸರು ಬರೆಯುವುದು ಹಿಂದಿನ ದಿನವೇ.

ಎರಡನೆಯ ವರ್ಷ ಬ್ಲಿಯೋಮೈಸಿನ್ ಹಿಡಿದೆ. ಕ್ಯಾನ್ಸರಿಗೆ ಕೊಡುವ ಔಷಧ, ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸುತ್ತದೆ. ಅದರಲ್ಲಿ ಒಂದು ದಿನ ಇಟ್ಟ ಬೇರಿಗೆ ಪ್ರೊಪಿಡಿಯಮ್ ಅಯೊಡೈಡ್ ಬಣ್ಣ ಕೊಟ್ಟು ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬದುಕಿರುವ ಕೋಶಗಳಿಗೆ ಕೆಂಪು ಅಂಚು ಮಾತ್ರ. ಸತ್ತವುಗಳ ಒಡಲೆಲ್ಲ ಕೆಂಪು. ಬೇರಿನ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಸತ್ತಿರಬಹುದೆಂದು ಎಣಿಸಿದ್ದೆ. ಸತ್ತಿದ್ದದ್ದು ತುದಿಯ ಕಾಂಡಕೋಶಗಳ, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳ, ಒಂದು ಗುಂಪು, ಅದೂ ಗುರಿಯಿಟ್ಟು ಹೊಡೆದಂತೆ. ಮುಂದಿನ ಬೇರಿಗೆಲ್ಲ ಮೂಲವಾದ ಕೋಶದಲ್ಲಿ ತಪ್ಪು ಉಳಿಯುವುದಕ್ಕಿಂತ ಆ ಕೋಶವನ್ನೇ ಕಳೆದುಕೊಳ್ಳುವುದು ಬೇರಿಗೆ ಲಾಭ. ಪಕ್ಕದಲ್ಲೇ ಅಪರೂಪಕ್ಕೆ ವಿಭಜನೆಯಾಗುವ ಕೆಲವು ಕೋಶಗಳಿವೆ. ತೆರವಾದ ಜಾಗವನ್ನು ಅವು ತುಂಬುತ್ತವೆ. ಸಾಯುವ ಆದೇಶ ಹೊರಡುವುದು ಸಾಗ್1 ಎಂಬ ಪ್ರೋಟೀನಿನಿಂದ. ಪ್ರಾಣಿಗಳಲ್ಲಿ ಪಿ53 ಎಂಬ ಪ್ರೋಟೀನ್ ಮಾಡುವ ಕೆಲಸ ಇದು. ಗಿಡಗಳಲ್ಲಿ ಪಿ53 ಇಲ್ಲ. ಸಾಗ್1 ಕೆಟ್ಟ ಮ್ಯುಟೆಂಟ್ ಬೇರನ್ನು ಮೊದಲ ಸಲ ನೋಡಿದಾಗ ಒಂದು ಕೋಶವೂ ಕೆಂಪಾಗಿರಲಿಲ್ಲ. ಔಷಧ ಹಾಕಲು ಮರೆತೆನೆಂದುಕೊಂಡು ಇಡೀ ಪ್ರಯೋಗವನ್ನು ಮತ್ತೆ ಮಾಡಿದೆ.

ನನಗೆ ಹೆಚ್ಚು ಹಿಡಿಸಿದ್ದು ಹೂವಿನ ಕೆಲಸ, ಬೆನ್ನು ಹಿಡಿಸಿದ್ದೂ ಅದೇ. ಮಿಲಿಮೀಟರಿಗಿಂತ ಸಣ್ಣ ಮೊಗ್ಗನ್ನು ಸೂಜಿಯಲ್ಲಿ ಬಿಡಿಸಬೇಕು. ಪರಾಗಕೋಶ ಹಳದಿಯಾಗಿದ್ದರೆ ತಡವಾಯಿತೆಂದೇ ಅರ್ಥ, ಎಸೆಯುವುದು. ಸರಿಯಾದದ್ದು ಸಿಕ್ಕರೆ ಕಿಣ್ವದಲ್ಲಿ ಮೆತ್ತಗಾಗಿಸಿ, ಬಿಸಿ ಗಾಜಿನ ಮೇಲೆ ಅಸಿಟಿಕ್ ಆಮ್ಲದ ಹನಿಯಲ್ಲಿ ಹರಡಿ, ಡಿಎನ್‌ಎಗೆ ಹಿಡಿಯುವ ಡಿಎಪಿಐ ಬಣ್ಣ ಕೊಟ್ಟು ವರ್ಣತಂತುಗಳನ್ನು ನೋಡುವುದು. ಆಗ ನನ್ನ ಮುಂದಿದ್ದದ್ದು ರ್ಯಾಡ್51 ಇಲ್ಲದ ಗಿಡ. ತುಂಡಾದ ಡಿಎನ್‌ಎಯನ್ನು ಜೋಡಿಯ ಪ್ರತಿ ನೋಡಿ ಸರಿಪಡಿಸಲು ಬೇಕಾದ ಪ್ರೋಟೀನ್ ಅದು. ಇಲಿಯಲ್ಲಿ ಅದಿಲ್ಲದಿದ್ದರೆ ಭ್ರೂಣವೇ ಉಳಿಯದು. ನನ್ನ ಗಿಡವೋ ಎಲೆ ಬಿಟ್ಟು, ಹೂ ಬಿಟ್ಟು, ಪಕ್ಕದ ಕುಂಡದ ಗಿಡದ ಸಮಕ್ಕೆ ನಿಂತಿತ್ತು. ಕಾಯಿ ಮಾತ್ರ ಗಿಡ್ಡ, ಒಳಗೆ ಜೊಳ್ಳು. ಗಾಜಿನ ಮೇಲೆ ಐದು ಜೋಡಿಗಳು ಕಾಣಬೇಕಾದಲ್ಲಿ ವರ್ಣತಂತುಗಳ ನುಚ್ಚು.

ಒಡೆದವರು ಯಾರು? ಕಿರಣ ಕೊಟ್ಟಿರಲಿಲ್ಲ, ಔಷಧವನ್ನೂ ಹಾಕಿರಲಿಲ್ಲ. ಗಿಡವೇ ಒಡೆದುಕೊಂಡಿತ್ತು. ಪರಾಗವಾಗುವ ಮೊದಲಿನ ಮಿಯಾಸಿಸ್‌ನಲ್ಲಿ, ಅಂದರೆ ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಲ್ಲಿ, ಸ್ಪೋ11 ಎಂಬ ಪ್ರೋಟೀನ್ ವರ್ಣತಂತುಗಳನ್ನು ನೂರಕ್ಕೂ ಹೆಚ್ಚು ಕಡೆ ಬೇಕೆಂದೇ ತುಂಡರಿಸುತ್ತದೆ. ಆ ಗಾಯಗಳನ್ನು ಹೊಲಿಯುವಾಗಲೇ ತಂದೆತಾಯಿಯರ ಡಿಎನ್‌ಎ ಅದಲುಬದಲಾಗುತ್ತದೆ, ಅದೂ ಹತ್ತರ ಆಸುಪಾಸಿನ ಜಾಗಗಳಲ್ಲಿ ಮಾತ್ರ. ಉಳಿದವು ಸದ್ದಿಲ್ಲದೆ ಮುಚ್ಚಿಹೋಗುತ್ತವೆ.

ಮೇಡಂ ಇದನ್ನು ನನಗೆ ಬಾಯಿಮಾತಿನಲ್ಲಿ ಒಪ್ಪಿಸಲಿಲ್ಲ. "ಸ್ಪೋ11ನ್ನೂ ತೆಗೆದು ನೋಡು" ಎಂದರಷ್ಟೆ. ಎರಡೂ ಇಲ್ಲದ ಗಿಡ ಕೈಗೆ ಬರಲು ಎರಡು ತಲೆಮಾರಿನ ಬೀಜ ಬೇಕಾಯಿತು. ಆ ಗಿಡವೂ ಬಂಜೆಯೇ. ಆದರೆ ಗಾಜಿನ ಮೇಲೆ ನುಚ್ಚಿರಲಿಲ್ಲ. ಜೊತೆಗಾರರಿಲ್ಲದೆ ಚದುರಿದ್ದ ಹತ್ತು ಒಂಟಿ ವರ್ಣತಂತುಗಳಿದ್ದವು, ಒಂದಾದರೂ ಮುರಿದಿರಲಿಲ್ಲ. ಎರಡು ಸಲ ಎಣಿಸಿ ಮೇಡಮ್ಮನವರನ್ನು ಕರೆದೆ.