ತಡೆಗೋಡೆಯ ಒಣ ತೂತುಗಳು

ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯಲ್ಲಿ ಹಳಿ ನಿರ್ವಹಣೆಯ ಎಂಜಿನಿಯರ್ ಆಗಿ ನಾನು ಆರು ಮಳೆಗಾಲ ಕಳೆದೆ. 55 ಕಿಲೋಮೀಟರ್ ಹಾದಿ, 57 ಸುರಂಗ, 50 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಮಳೆ ಸುರಿದ ರಾತ್ರಿಯ ಮರುದಿನ ಹಳಿಯನ್ನು ನಡೆದು ನೋಡಿ, ರೈಲು ಎಷ್ಟು ವೇಗದಲ್ಲಿ ಹೋಗಬಹುದೆಂದು ಬರೆದು ಸಹಿ ಹಾಕುವುದು ನನ್ನ ಹೊಣೆ.

ಒಂದು ಜುಲೈ ಬೆಳಿಗ್ಗೆ ಮಳೆ ಬಿಟ್ಟಿತ್ತು. ಹಿಂದಿನ ದಿನ ಕಲ್ಲು ಉರುಳಿದ್ದ ಕಡೆ ಗಂಟೆಗೆ 10 ಕಿ.ಮೀ. ಮಿತಿ ಹಾಕಿದ್ದೆವು. ಹಳಿ ಸರಿಯಾಗಿತ್ತು, ಜಲ್ಲಿ ಕದಲಿರಲಿಲ್ಲ. ಗುಡ್ಡದೊಳಗಿನ ನೀರು ಹೊರಹೋಗಲೆಂದು ಗುಡ್ಡದ ಬದಿಯ ತಡೆಗೋಡೆಯಲ್ಲಿ ಬಿಟ್ಟಿದ್ದ ತೂತುಗಳಿಂದ ನೀರು ಬರುತ್ತಿರಲಿಲ್ಲ. ಗುಡ್ಡ ಬಸಿದು ಹಗುರವಾಗಿದೆ ಎಂದುಕೊಂಡು, ವೇಗವನ್ನು ಎಂದಿನ 30ಕ್ಕೆ ಮರಳಿಸಲು ಪುಸ್ತಕ ತೆರೆದೆ. ರೈಲುಗಳ ಓಡಾಟ ನಿಯಂತ್ರಿಸುವ ಕಂಟ್ರೋಲ್ ಕಚೇರಿಯಿಂದ ಆಗಲೇ ಎರಡು ಬಾರಿ ಫೋನ್ ಬಂದಿತ್ತು.

ಹಳಿಯ ಅದೇ ತುಂಡಿನಲ್ಲಿ 20 ವರ್ಷ ನಡೆದಿದ್ದ ಕೀಮನ್ (ದಿನವೂ ಹಳಿಯುದ್ದಕ್ಕೂ ನಡೆದು ತಪಾಸಣೆ ಮಾಡುವ ಕೆಲಸಗಾರ) ಒಬ್ಬರು ಪಕ್ಕದವನಿಗೆ ಮೆಲ್ಲಗೆ ಹೇಳಿದರು: "ಮೊನ್ನೆ ಸಣ್ಣ ಮಳೆಗೇ ಈ ತೂತುಗಳು ಸುರಿಯುತ್ತಿದ್ದವು." ನನ್ನ ಕಿವಿಗೆ ಬಿದ್ದದ್ದು ಅದೃಷ್ಟ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ತಾವು ನೋಡಿ ಆಗಿತ್ತಲ್ಲ, ಸಾರ್" ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಸಲಾಕೆ ಹಾಕಿ ತಿವಿಸಿದೆವು. ಕೊಳೆತ ಎಲೆ, ಮಣ್ಣು, ಅದರ ಹಿಂದೆಯೇ ರಭಸದಿಂದ ಕೆಂಪು ನೀರು. ಮೇಲೆ ಹತ್ತಿ ನೋಡಿದರೆ ಮಳೆನೀರನ್ನು ಬದಿಗೆ ಸಾಗಿಸುವ ಚರಂಡಿಗೆ ಅಡ್ಡಲಾಗಿ ಮರ ಬಿದ್ದಿತ್ತು. ನೀರೆಲ್ಲ ಗೋಡೆಯ ಬೆನ್ನಿಗೆ ಇಳಿಯುತ್ತಿತ್ತು. ನಾನು ಸುರಕ್ಷತೆಯ ಗುರುತೆಂದು ತಿಳಿದದ್ದು ಅಪಾಯದ ಗುರುತಾಗಿತ್ತು.

ಮಿತಿಯನ್ನು ಮೂರು ದಿನ ಮುಂದುವರಿಸಿದೆ. ಗುಡ್ಡ ಕುಸಿಯಲಿಲ್ಲ. "ಏನೂ ಆಗಲಿಲ್ಲವಲ್ಲ, ಅಷ್ಟೊಂದು ರೈಲು ತಡಮಾಡಿದ್ದೇಕೆ?" ಎಂದು ಮೇಲಿನವರು ಕೇಳಿದರು. 2003ರ ಜೂನ್‌ನಲ್ಲಿ ವೈಭವವಾಡಿಯ ಬಳಿ, ಮರುವರ್ಷ ಅದೇ ತಿಂಗಳು ಕರಂಜಾಡಿಯ ಬಳಿ, ಕೊಂಕಣ ಹಳಿಯ ಮೇಲೆ ಬಂಡೆ ಬಿದ್ದು ಜನ ಸತ್ತದ್ದನ್ನು ಹಳಿಯ ಕೆಲಸದವರು ಮರೆಯಲಾರರು. ಅದನ್ನೇ ಹೇಳಿದೆ; ಅವರಿಗೆ ಒಪ್ಪಿಗೆಯಾಗಲಿಲ್ಲ.

ಆಮೇಲೆ ನನ್ನ ಕ್ರಮ ಬದಲಾಯಿಸಿದೆ. ನನ್ನ ಅಭಿಪ್ರಾಯ ಹೇಳುವ ಮೊದಲು ತಂಡದಲ್ಲಿ ಎಲ್ಲರಿಗಿಂತ ಕಿರಿಯನಿಂದ ಶುರುಮಾಡಿ ಒಬ್ಬೊಬ್ಬರನ್ನೂ ಕೇಳುತ್ತಿದ್ದೆ. ಸಾಹೇಬರು ಮೊದಲು ಮಾತಾಡಿದರೆ ಉಳಿದವರ ಬಾಯಿ ಕಟ್ಟಿಹೋಗುತ್ತದೆ. "ಸುರಕ್ಷಿತವೇ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, "ನಿನ್ನೆಗಿಂತ ಇಂದು ಏನು ಬೇರೆಯಾಗಿದೆ?" ಎಂದು ಕೇಳಬೇಕು. ಪುಸ್ತಕದಲ್ಲಿ ತೀರ್ಮಾನದ ಜೊತೆ ಕಾರಣವನ್ನೂ, ಯಾರು ಒಪ್ಪಲಿಲ್ಲ ಎಂಬುದನ್ನೂ ಬರೆಯತೊಡಗಿದೆ. ಇದಕ್ಕೆ ಸಮಯ ಹಿಡಿಯುತ್ತದೆ, ಫೋನಿನಲ್ಲಿ ಬೈಗುಳವೂ ಬರುತ್ತದೆ.

ಮುಂದಿನ ವರ್ಷ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗನೊಬ್ಬ ಸುರಂಗದ ಬಾಯಲ್ಲಿ ಹಸಿಮಣ್ಣಿನ ವಾಸನೆ ಬರುತ್ತಿದೆ ಎಂದ. ಗೂಡ್ಸ್ ನಿಲ್ಲಿಸಿ ಒಂದು ಗಂಟೆ ಹುಡುಕಿದೆವು, ಏನೂ ಸಿಗಲಿಲ್ಲ. ಅವನ ಮುಖ ಸಣ್ಣದಾಯಿತು. ಅವನು ಹೇಳಿದ್ದನ್ನೂ ನಾವು ನೋಡಿದ್ದನ್ನೂ ಅವನೆದುರಿಗೇ ಬರೆದೆ. ಮರುದಿನವೂ ಅವನನ್ನೇ ಮೊದಲು ಕೇಳಿದೆ.